ಕಡಲು ನುಂಗಿದ ಇಂಗಾಲ, ಕರಗುವ ಸುಣ್ಣ

ಎಲೆಅಡಿಕೆಯ ಡಬ್ಬಿಯಲ್ಲಿರುವ ಸುಣ್ಣವನ್ನು ಒಂದು ಚಿಟಿಕೆ ತೆಗೆದು ಲೋಟದ ನೀರಿಗೆ ಕದಡಿ ರಾತ್ರಿಯಿಡೀ ಅಲುಗಾಡಿಸದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಮೇಲೆ ತಿಳಿನೀರು ನಿಂತಿರುತ್ತದೆ. ಅದನ್ನು ಬಗ್ಗಿಸಿಕೊಂಡು ಕೊಳವೆಯಿಂದ ಉಸಿರು ಊದಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆ ಎಂದು ತೋರಿಸಲು ಶಾಲೆಗಳಲ್ಲಿ ಈ ಪ್ರಯೋಗ ಮಾಡಿಸುತ್ತಾರೆ, ಮತ್ತು ಸಾಮಾನ್ಯವಾಗಿ ನೀರು ಬೆಳ್ಳಗಾದ ಕೂಡಲೇ ಪಾಠ ಮುಗಿಯುತ್ತದೆ. ಅಲ್ಲಿಗೆ ನಿಲ್ಲಿಸದೆ ಇನ್ನೂ ಕೆಲವು ನಿಮಿಷ ಊದುತ್ತಲೇ ಹೋದರೆ ಬಿಳುಪು ನಿಧಾನವಾಗಿ ಮಾಯವಾಗಿ ನೀರು ಮತ್ತೆ ತಿಳಿಯಾಗುತ್ತದೆ. ಮೊದಲ ಹಂತದಲ್ಲಿ ಹುಟ್ಟಿದ ಬಿಳಿ ಪುಡಿ ಕ್ಯಾಲ್ಸಿಯಂ ಕಾರ್ಬೋನೇಟ್. ಚಿಪ್ಪು, ಹವಳ, ಸುಣ್ಣದಕಲ್ಲು ಎಲ್ಲವೂ ಆದದ್ದು ಅದರಿಂದಲೇ. ಎರಡನೆಯ ಹಂತದಲ್ಲಿ ಹೆಚ್ಚುವರಿಯಾಗಿ ಸೇರಿದ ಅದೇ ಅನಿಲ ಆ ಪುಡಿಯನ್ನು ಬೈಕಾರ್ಬೋನೇಟಾಗಿ ಮಾರ್ಪಡಿಸಿ ಕರಗಿಸಿಬಿಡುತ್ತದೆ. ಜಗತ್ತಿನ ಕಡಲುಗಳಲ್ಲಿ ಈಗ ನಡೆಯುತ್ತಿರುವುದನ್ನು ಅರ್ಥಮಾಡಿಕೊಳ್ಳಲು ಪ್ರಯೋಗದ ಈ ಎರಡನೆಯ ಅರ್ಧವೇ ಬೇಕು.

ಹವಾಗುಣ ಬದಲಾವಣೆಯ ಚರ್ಚೆಯಲ್ಲಿ ಕಡಲು ಹೆಚ್ಚಾಗಿ ಏರುವ ನೀರಿನ ಮಟ್ಟವಾಗಿ ಅಥವಾ ಚಂಡಮಾರುತದ ತವರಾಗಿ, ಅಂದರೆ ನಮ್ಮ ಮೇಲೆ ಎರಗುವ ಅಪಾಯವಾಗಿ ಮಾತ್ರ ಬರುತ್ತದೆ. ವಾಸ್ತವದಲ್ಲಿ ಕಳೆದ ಎರಡು ಶತಮಾನಗಳಿಂದ ಕಡಲು ನಮ್ಮ ಪಾಲಿನ ಹೊರೆಯನ್ನು ತಾನು ಹೊತ್ತುಕೊಂಡು ಬಂದಿದೆ, ಮತ್ತು ಕಡಲಿನ ನೀರು ಆಮ್ಲದತ್ತ ಸರಿಯುವ ಆಮ್ಲೀಕರಣ ಎಂಬುದು ಆ ಹೊರೆಯ ನೇರ ಪರಿಣಾಮ. ಹವಾಗುಣವನ್ನು ಹದದಲ್ಲಿಡುವ ಗುಣವೂ ಕಡಲಿನ ಜೀವರಾಶಿಯನ್ನು ಕಾಡುವ ಕೇಡೂ ಒಂದೇ ರಾಸಾಯನಿಕ ಕ್ರಿಯೆಯ ಎರಡು ಮುಖಗಳಾಗಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದರ ಬಗ್ಗೆ ಮಾತನಾಡುವುದು ಸರಿಯಾಗದು.

ಮೊದಲಿಗೆ ಶಾಖದ ವಿಚಾರ. ಕಾರವಾರ ಮತ್ತು ಬಳ್ಳಾರಿ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಎರಡೂ ಊರುಗಳ ಮೇಲೆ ಬೀಳುವ ಸೂರ್ಯನ ಬೆಳಕಿನ ಕೋನದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ಆದರೂ ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿಯ ಹಗಲು 40 ಡಿಗ್ರಿ ದಾಟುವಾಗ ಕಾರವಾರದಲ್ಲಿ ಸೆಕೆ ಎಷ್ಟೇ ಇದ್ದರೂ ತಾಪಮಾನ ಅಷ್ಟಕ್ಕೆ ಏರುವುದು ಅಪರೂಪ, ಮತ್ತು ಚಳಿಗಾಲದ ರಾತ್ರಿಗಳಲ್ಲಿ ಒಳನಾಡಿನಷ್ಟು ಇಳಿಯುವುದೂ ಇಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾಗುವ ಶಾಖ, ಅಷ್ಟೇ ಗಾತ್ರದ ಗಾಳಿಗೆ ಬೇಕಾಗುವುದರ ಸುಮಾರು 3,500 ಪಟ್ಟು. ಭೂಮಿಯ ಮೇಲ್ಮೈಯ ಶೇ 71ರಷ್ಟನ್ನು ಆವರಿಸಿ, ಸರಾಸರಿ 3,700 ಮೀಟರ್ ಆಳವಿರುವ ನೀರಿಗೆ ಈ ಗುಣವಿದ್ದರೆ ಅದರ ಶಾಖದ ಸಾಮರ್ಥ್ಯ ಎಷ್ಟಿರಬಹುದು ಎಂದು ಊಹಿಸಬಹುದು: ಇಡೀ ವಾಯುಮಂಡಲ ಹಿಡಿದಿಟ್ಟುಕೊಳ್ಳಬಲ್ಲಷ್ಟು ಶಾಖವನ್ನು ಕಡಲಿನ ಮೇಲಿನ ಎರಡೂವರೆ-ಮೂರು ಮೀಟರ್ ನೀರೊಂದೇ ಹಿಡಿದಿಟ್ಟುಕೊಳ್ಳುತ್ತದೆ.

ಹಸಿರುಮನೆ ಅನಿಲಗಳಿಂದಾಗಿ ಭೂಮಿಯಲ್ಲಿ ಹೆಚ್ಚುವರಿಯಾಗಿ ಉಳಿದುಕೊಂಡ ಶಾಖದಲ್ಲಿ ಶೇ 90ಕ್ಕಿಂತ ಹೆಚ್ಚು ಪಾಲು ಸೇರಿರುವುದು ಕಡಲಿಗೆ. ಹಿಮಗಡ್ಡೆ ಕರಗಿಸಲು, ನೆಲವನ್ನು ಕಾಯಿಸಲು, ಗಾಳಿಯನ್ನು ಬಿಸಿಮಾಡಲು ಹೋದದ್ದೆಲ್ಲ ಸೇರಿ ಉಳಿದ ಪುಟ್ಟ ಪಾಲು ಮಾತ್ರ. ಜಾಗತಿಕ ತಾಪಮಾನ ಒಂದೂಕಾಲು ಡಿಗ್ರಿ ಏರಿದೆ, ಒಂದೂವರೆ ಡಿಗ್ರಿಯ ಗಡಿ ಹತ್ತಿರವಾಗಿದೆ ಎಂದು ನಾವು ಆತಂಕಪಡುವ ಲೆಕ್ಕವೆಲ್ಲ ಭೂಮಿಯ ಮೇಲ್ಮೈಯದು, ಕಡಲಾಳ ಸೇರಿದ ಶಾಖ ಅದರಲ್ಲಿ ಕಾಣುವುದಿಲ್ಲ ಎಂಬುದನ್ನು ಮರೆಯಬಾರದು. ಕಡಲು ಈ ಶಾಖವನ್ನು ಒಂದೇ ಕಡೆ ಇಟ್ಟುಕೊಳ್ಳುವುದೂ ಇಲ್ಲ. ಸಮಭಾಜಕದ ಬಳಿ ಕಾದ ನೀರು ಪ್ರವಾಹಗಳಾಗಿ ಧ್ರುವಗಳತ್ತ ಸಾಗುತ್ತದೆ. ಉತ್ತರ ಅಟ್ಲಾಂಟಿಕ್‌ನಲ್ಲಿ ತಣಿದು, ಉಪ್ಪಿನಂಶದಿಂದ ಭಾರವಾಗಿ ತಳಕ್ಕಿಳಿದು, ನೂರಾರು ವರ್ಷ ಆಳದಲ್ಲಿ ಸುತ್ತಿ ಮತ್ತೆ ಬೇರೆಲ್ಲೋ ಮೇಲೆ ಬರುತ್ತದೆ. ಪಶ್ಚಿಮ ಯೂರೋಪಿನ ಚಳಿಗಾಲ ಅದೇ ಅಕ್ಷಾಂಶದ ಕೆನಡಾದಷ್ಟು ಕಠೋರವಾಗಿಲ್ಲದಿರಲು ಈ ಸಾಗಾಟವೂ ಒಂದು ಕಾರಣ. ನಮ್ಮ ಮುಂಗಾರಾದರೂ ನೆಲ ಬೇಗ ಕಾಯುತ್ತದೆ, ಕಡಲು ತಡವಾಗಿ ಕಾಯುತ್ತದೆ ಎಂಬ ಅಂತರದಿಂದ ಹುಟ್ಟಿದ್ದು. ಹಿಂದೂ ಮಹಾಸಾಗರದ ಮೇಲ್ಮೈ 1950ರಿಂದ 2020ರ ನಡುವೆ ಶತಮಾನಕ್ಕೆ ಸುಮಾರು 1.2 ಡಿಗ್ರಿಯ ದರದಲ್ಲಿ ಬಿಸಿಯಾಗಿದೆ ಎಂದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹೇಳಿದ್ದಾರೆ. ಅರಬ್ಬಿ ಸಮುದ್ರದಲ್ಲಿ ಹುಟ್ಟಿ 2021ರ ಮೇ ತಿಂಗಳಲ್ಲಿ ಕರಾವಳಿಯನ್ನು ತತ್ತರಿಸುವಂತೆ ಮಾಡಿದ ತೌಕ್ತೆಯಂತಹ ಚಂಡಮಾರುತಗಳು ಹೆಚ್ಚುತ್ತಿರುವುದನ್ನು ಈ ಬಿಸಿಯ ಹಿನ್ನೆಲೆಯಲ್ಲೇ ನೋಡಬೇಕು.

ಶಾಖದಷ್ಟು ಸುದ್ದಿಯಾಗದ, ಆದರೆ ಅಷ್ಟೇ ದೊಡ್ಡದಾದ ಎರಡನೆಯ ಕೆಲಸ ಇಂಗಾಲದ್ದು. ವಾಯುಮಂಡಲದಲ್ಲಿರುವ ಇಂಗಾಲದ ಸುಮಾರು 45ರಿಂದ 50 ಪಟ್ಟು ಇಂಗಾಲ ಕಡಲಿನಲ್ಲಿ ಕರಗಿದೆ. ಅದು ಎರಡು ದಾರಿಗಳಲ್ಲಿ ಒಳಗಿಳಿಯುತ್ತದೆ. ಒಂದು, ಬರಿಯ ಕರಗುವಿಕೆ. ತಣ್ಣನೆಯ ಗೋಲಿ ಸೋಡಾದಲ್ಲಿ ಅನಿಲ ಹೆಚ್ಚು ಹೊತ್ತು ಉಳಿಯುತ್ತದೆ, ಬಿಸಿಲಲ್ಲಿಟ್ಟದ್ದು ಬೇಗ ಸಪ್ಪೆಯಾಗುತ್ತದೆ. ಹಾಗೆಯೇ ತಂಪು ಕಡಲುಗಳು ಅನಿಲವನ್ನು ಹೆಚ್ಚು ಹೀರುತ್ತವೆ. ಮನುಷ್ಯರು ಹೊರಬಿಟ್ಟು ಕಡಲು ಸೇರಿದ ಇಂಗಾಲದಲ್ಲಿ ಸುಮಾರು ಶೇ 40ರಷ್ಟನ್ನು ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಮಹಾಸಾಗರವೇ ಒಳಗೆಳೆದುಕೊಂಡಿರುವುದಕ್ಕೆ ಈ ತಂಪು ಮತ್ತು ಅಲ್ಲಿ ಆಳಕ್ಕಿಳಿಯುವ ನೀರು ಕಾರಣ. ಇನ್ನೊಂದು ದಾರಿ ಜೀವಿಗಳದು. ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದ ಸಸ್ಯಪ್ಲವಕಗಳು ನೆಲದ ಮೇಲಿನ ಕಾಡು, ಹುಲ್ಲು, ಬೆಳೆಗಳೆಲ್ಲ ಸೇರಿ ಮಾಡುವಷ್ಟೇ ದ್ಯುತಿಸಂಶ್ಲೇಷಣೆಯನ್ನು ಒಟ್ಟಾರೆ ಮಾಡುತ್ತವೆ. ಅವುಗಳ ಶವಗಳೂ ಅವನ್ನು ತಿಂದ ಪ್ರಾಣಿಗಳ ಹಿಕ್ಕೆಯೂ ಮೇಲಿಂದ ಸದಾ ಉದುರುತ್ತ ಇಂಗಾಲವನ್ನು ಆಳಕ್ಕೆ ಸಾಗಿಸುತ್ತವೆ.

ಕಡಲಿನ ಈ ಸಾಮರ್ಥ್ಯ ಅಪಾರ, ನಾವು ಎಷ್ಟು ಕಲ್ಲಿದ್ದಲು ಸುಟ್ಟರೂ ಅದು ನುಂಗಿಕೊಳ್ಳುತ್ತದೆ ಎಂದು ವಿಜ್ಞಾನಿಗಳೇ ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದ್ದು 1957ರಲ್ಲಿ ರೋಜರ್ ರೆವೆಲ್ ಮತ್ತು ಹಾನ್ಸ್ ಸ್ಯೂಸ್ ಪ್ರಕಟಿಸಿದ ಪ್ರಬಂಧ. ಕಡಲಿನ ನೀರಿನ ರಸಾಯನವೇ ಒಂದು ತಡೆಯಂತೆ ಕೆಲಸ ಮಾಡುತ್ತದೆ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ 10ರಷ್ಟು ಹೆಚ್ಚಿದರೆ ಮೇಲ್ಮೈ ನೀರಿನ ಒಟ್ಟು ಇಂಗಾಲ ಹೆಚ್ಚುವುದು ಶೇ 1ರಷ್ಟು ಮಾತ್ರ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ಮರುವರ್ಷವೇ, 1958ರಲ್ಲಿ, ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯನ್ನು ಅಳೆಯತೊಡಗಿದರು. ಆಗ 10 ಲಕ್ಷಕ್ಕೆ 315 ಭಾಗವಿದ್ದ ಅನಿಲ ಇಂದು 420 ದಾಟಿದೆ. ಕೈಗಾರಿಕಾ ಕ್ರಾಂತಿಗೆ ಮೊದಲು ಅದು ಸುಮಾರು 280 ಇತ್ತು. ಕಡಲು ಪ್ರತಿವರ್ಷ ನಮ್ಮ ಹೊರಸೂಸುವಿಕೆಯ ಕಾಲುಭಾಗದಷ್ಟನ್ನು, ಅಂದರೆ ಸುಮಾರು 1,000 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳದಿದ್ದರೆ ಈ ಅಂಕಿ ಇನ್ನೂ ಎಷ್ಟೋ ಮೇಲಿರುತ್ತಿತ್ತು.

ಹೀರಿಕೊಂಡದ್ದು ನೀರಿನಲ್ಲಿ ಸುಮ್ಮನೆ ಕೂರುವುದಿಲ್ಲ ಎಂಬಲ್ಲಿಂದ ತೊಂದರೆ ಶುರುವಾಗುತ್ತದೆ. ನೀರಿನೊಡನೆ ಸೇರಿದ ಇಂಗಾಲದ ಡೈಆಕ್ಸೈಡ್ ಕಾರ್ಬಾನಿಕ್ ಆಮ್ಲವಾಗುತ್ತದೆ. ಅದು ಒಡೆದು ಹೈಡ್ರೋಜನ್ ಅಯಾನುಗಳನ್ನು ಬಿಡುತ್ತದೆ. ಆ ಅಯಾನುಗಳು ನೀರಿನಲ್ಲಿ ಮೊದಲೇ ಇದ್ದ ಕಾರ್ಬೋನೇಟನ್ನು ಹಿಡಿದು ಬೈಕಾರ್ಬೋನೇಟಾಗಿಸುತ್ತವೆ. ಕಡಲಿನ ಮೇಲ್ಮೈ ನೀರಿನಲ್ಲಿರುವ ಕರಗಿದ ಇಂಗಾಲದಲ್ಲಿ ಸುಮಾರು ಶೇ 90ರಷ್ಟು ಬೈಕಾರ್ಬೋನೇಟ್ ರೂಪದಲ್ಲೇ ಇರುತ್ತದೆ, ಕಾರ್ಬೋನೇಟ್ ಇರುವುದು ಶೇ 10ರ ಆಸುಪಾಸಿನಲ್ಲಿ. ಚಿಪ್ಪು ಕಟ್ಟುವ ಜೀವಿಗಳಿಗೆ ಬೇಕಾದದ್ದು ಈ ಸಣ್ಣ ಪಾಲು, ಕಡಿಮೆಯಾಗುತ್ತಿರುವುದೂ ಅದೇ. ಇಟ್ಟಿಗೆ ಗೂಡಿನಲ್ಲಿ ರಾಶಿ ಮಣ್ಣಿದ್ದರೂ ಸುಟ್ಟ ಇಟ್ಟಿಗೆ ಸಿಗದಿದ್ದರೆ ಗೋಡೆ ಏಳದಲ್ಲ, ಹಾಗೆ.

ನೀರಿನ ಆಮ್ಲೀಯತೆಯನ್ನು ಅಳೆಯುವ ಪಿಎಚ್ ಮಾಪನದಲ್ಲಿ (ಅಂಕಿ ಇಳಿದಷ್ಟೂ ಆಮ್ಲೀಯತೆ ಹೆಚ್ಚು, 7 ಎಂದರೆ ತಟಸ್ಥ) ಹೇಳುವುದಾದರೆ, ಕೈಗಾರಿಕಾ ಯುಗಕ್ಕೆ ಮೊದಲು ಸುಮಾರು 8.2 ಇದ್ದ ಕಡಲಿನ ಮೇಲ್ಮೈ ಸರಾಸರಿ ಈಗ 8.1ರ ಆಸುಪಾಸಿನಲ್ಲಿದೆ. ದಶಾಂಶ ಒಂದರ ಈ ಇಳಿಕೆಯನ್ನು ಕೇಳಿದವರು ಇಷ್ಟೇ ತಾನೇ ಎಂದುಕೊಳ್ಳುವುದು ಸಹಜ. ಪಿಎಚ್ ಮಾಪನ ಹತ್ತರ ಘಾತದ ಲೆಕ್ಕದಲ್ಲಿರುವುದರಿಂದ 0.1ರ ಇಳಿಕೆ ಎಂದರೆ ಹೈಡ್ರೋಜನ್ ಅಯಾನುಗಳು ಶೇ 26ರಷ್ಟು ಹೆಚ್ಚಿದವು ಎಂದರ್ಥ. ಈ ಶತಮಾನದ ಕೊನೆಗೆ ಅದು 7.8ಕ್ಕೆ ಇಳಿದರೆ (ಹೊರಸೂಸುವಿಕೆ ಹತೋಟಿಗೆ ಬಾರದಿದ್ದರೆ ಆ ಸುಮಾರಿಗೆ ಇಳಿಯುತ್ತದೆ) ಅಯಾನುಗಳು ಇಂದಿನ ಇಮ್ಮಡಿಯಾಗುತ್ತವೆ. ನಮ್ಮ ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರಬೇಕು, ಅಲ್ಲಿ 0.1 ಕಡಿಮೆಯಾದರೆ ವೈದ್ಯರು ಅದನ್ನು ಕಾಯಿಲೆಯೆಂದೇ ಪರಿಗಣಿಸುತ್ತಾರೆ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಪದದ ಬಗ್ಗೆ: 7ಕ್ಕಿಂತ ಮೇಲಿರುವ ನೀರು ಪ್ರತ್ಯಾಮ್ಲೀಯವೇ ಆದ್ದರಿಂದ ಅದನ್ನು ಆಮ್ಲೀಕರಣ ಎನ್ನುವುದು ಉತ್ಪ್ರೇಕ್ಷೆಯಲ್ಲವೇ? ಕೆನ್ ಕಾಲ್ಡೀರಾ ಮತ್ತು ಮೈಕೆಲ್ ವಿಕೆಟ್ 2003ರಲ್ಲಿ ಈ ಅಪಾಯದ ಕಡೆಗೆ ಜಗತ್ತಿನ ಗಮನ ಸೆಳೆದ ಮೇಲೆ ಈ ಹೆಸರು ಬಳಕೆಗೆ ಬಂತು, ಮತ್ತು ಅದು ಹೇಳುವುದು ನೀರು ಸಾಗುತ್ತಿರುವ ದಿಕ್ಕನ್ನೇ ಹೊರತು ತಲುಪಿದ ಸ್ಥಿತಿಯನ್ನಲ್ಲ. ತೊಂಬತ್ತು ಕಿಲೋ ತೂಗುವವರು ಎಂಬತ್ತಕ್ಕೆ ಇಳಿದರೆ ಸಣ್ಣಗಾದರು ಎನ್ನುತ್ತೇವೆ, ಅವರು ಕಡ್ಡಿಯಾಗುವವರೆಗೆ ಕಾಯುವುದಿಲ್ಲ. ಕಡಲಿನ ನೀರು ನಿಂಬೆರಸವಾಗುವುದಿಲ್ಲ, ಈಜಲು ಇಳಿದವರ ಚರ್ಮ ಸುಡುವುದೂ ಇಲ್ಲ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಡೈನೋಸಾರ್‌ಗಳಿದ್ದ ಕ್ರಿಟೇಷಿಯಸ್ ಯುಗದಲ್ಲಿ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಂದಿಗಿಂತ ಹೆಚ್ಚಿತ್ತು. ಆದರೂ ಆ ಕಾಲದ ಕಡಲುಗಳಲ್ಲೇ ಸುಣ್ಣದ ಕವಚದ ಪ್ಲವಕಗಳು ಯಥೇಚ್ಛವಾಗಿ ಬೆಳೆದು, ಅವುಗಳ ಅವಶೇಷ ಇಂಗ್ಲೆಂಡಿನ ಡೋವರ್‌ನ ಬಿಳಿ ಕಡಿದಾದ ದಂಡೆಗಳಾಗಿ ನಿಂತಿದೆ. ಹಾಗಿದ್ದರೆ ಭಯವೇಕೆ? ಉತ್ತರ ಇರುವುದು ವೇಗದಲ್ಲಿ. ಅನಿಲ ಲಕ್ಷಾಂತರ ವರ್ಷಗಳಲ್ಲಿ ನಿಧಾನವಾಗಿ ಏರಿದಾಗ ಮಳೆಗೆ ಸವೆದ ಬಂಡೆಗಳಿಂದ ನದಿಗಳು ಕ್ಯಾಲ್ಸಿಯಂ ಮತ್ತು ಬೈಕಾರ್ಬೋನೇಟನ್ನು ತಂದು ಸುರಿಯುತ್ತವೆ, ಕಡಲಡಿಯ ಸುಣ್ಣದ ಹಾಸು ಸ್ವಲ್ಪ ಸ್ವಲ್ಪವೇ ಕರಗಿ ನೀರನ್ನು ಸರಿದೂಗಿಸುತ್ತದೆ. ಹೀಗೆ ಅನಿಲ ಹೆಚ್ಚಿದ್ದರೂ ಕಾರ್ಬೋನೇಟಿಗೆ ಬರವಿರುವುದಿಲ್ಲ. ಈಗ ಅದೇ ಅನಿಲವನ್ನು ಇನ್ನೂರು ವರ್ಷಗಳಲ್ಲಿ ಸುರಿಯಲಾಗಿದೆ. ಬಂಡೆ ಸವೆಯುವ ವೇಗ ನಮ್ಮ ಕಾರ್ಖಾನೆಗಳ ವೇಗಕ್ಕೆ ಹೊಂದಿಕೊಳ್ಳುವುದಿಲ್ಲ. ಇತ್ತೀಚಿನ ದಶಕಗಳಷ್ಟು ಕಡಿಮೆ ಪಿಎಚ್ ಕಳೆದ 20 ಲಕ್ಷ ವರ್ಷಗಳಲ್ಲೇ ಅಸಾಮಾನ್ಯ ಎಂದು ವಿಶ್ವಸಂಸ್ಥೆಯ ಹವಾಗುಣ ಸಮಿತಿಯಾದ ಐಪಿಸಿಸಿ ತನ್ನ ಆರನೆಯ ವರದಿಯಲ್ಲಿ ಹೇಳಿದೆ. ಹವಾಯಿ ದ್ವೀಪಗಳ ಉತ್ತರಕ್ಕಿರುವ ಅಲೋಹಾ ಎಂಬ ನೆಲೆಯಲ್ಲಿ 1988ರಿಂದ ನಡೆಯುತ್ತಿರುವ ಮಾಪನದಲ್ಲಿ ದಶಕಕ್ಕೆ ಸುಮಾರು 0.02ರಂತೆ ಪಿಎಚ್ ಇಳಿಯುತ್ತಿರುವುದು ನೇರವಾಗಿ ದಾಖಲಾಗಿದೆ.

ಈ ರಸಾಯನ ಜೀವನೋಪಾಯದ ಮಟ್ಟದಲ್ಲಿ ಹೇಗೆ ಕಾಣಿಸುತ್ತದೆ ಎಂಬುದಕ್ಕೆ ಅಮೆರಿಕದ ಒರೆಗಾನ್ ಕರಾವಳಿಯ ನೆಟಾರ್ಟ್ಸ್ ಕೊಲ್ಲಿಯ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅಲ್ಲಿನ ಮರಿ ಉತ್ಪಾದನಾ ಕೇಂದ್ರವೊಂದು ಸಿಂಪಿ ಸಾಕುವವರಿಗೆ ಮರಿಗಳನ್ನು ಒದಗಿಸುತ್ತಿತ್ತು. 2007ರಿಂದ ತೊಟ್ಟಿಗಳಲ್ಲಿ ಮರಿಗಳು ರಾಶಿಗಟ್ಟಲೆ ಸಾಯತೊಡಗಿದವು. ಮೊದಲು ಅನುಮಾನ ಹೋದದ್ದು ಬ್ಯಾಕ್ಟೀರಿಯಾ ಮೇಲೆ. ದುಬಾರಿ ಉಪಕರಣ ತಂದು ನೀರನ್ನು ಶುದ್ಧಮಾಡಿದರೂ ಸಾವು ನಿಲ್ಲಲಿಲ್ಲ. ಕಡೆಗೆ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳ ನೆರವಿನಿಂದ ತಿಳಿದದ್ದು, ಬೇಸಿಗೆಯ ಬಡಗಣ ಗಾಳಿ ಬೀಸಿದಾಗ ಕಡಲಿನ ಆಳದಿಂದ ಮೇಲೆದ್ದು ಕೊಲ್ಲಿಗೆ ನುಗ್ಗುತ್ತಿದ್ದ ತಣ್ಣೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿತ್ತು, ಚಿಪ್ಪು ಕಟ್ಟಲು ಬೇಕಾದ ಕಾರ್ಬೋನೇಟ್ ಕಡಿಮೆಯಿತ್ತು ಎಂಬುದು. ಸಿಂಪಿಯ ಮರಿ ಹುಟ್ಟಿದ ಮೊದಲ ಎರಡು ದಿನಗಳಲ್ಲಿ ತನ್ನ ಮೈತೂಕದ ಶೇ 90ರಷ್ಟು ಚಿಪ್ಪನ್ನು ಕಟ್ಟಿಕೊಳ್ಳಬೇಕು. ಆಗಿನ್ನೂ ಅದಕ್ಕೆ ಉಣ್ಣಲು ಬಾರದು. ಮೊಟ್ಟೆಯೊಳಗೆ ತಾಯಿ ಇಟ್ಟ ಬುತ್ತಿಯೊಂದೇ ಆಧಾರ. ನೀರು ಸರಿಯಿಲ್ಲದಿದ್ದರೆ ಚಿಪ್ಪು ಕಟ್ಟುವ ಕೂಲಿ ಹೆಚ್ಚುತ್ತದೆ, ಬುತ್ತಿ ಬೇಗ ಖರ್ಚಾಗುತ್ತದೆ, ಮರಿ ಸಾಯುತ್ತದೆ. ಇರುವ ಚಿಪ್ಪು ಕರಗಿ ಹೋಗುತ್ತದೆ ಎಂಬ ಜನಪ್ರಿಯ ಚಿತ್ರ ಅರ್ಧಸತ್ಯ. ಬಹುತೇಕ ಕಡೆ ನಡೆಯುತ್ತಿರುವುದು ಈ ಬಗೆಯ ದಣಿವು.

ಕೇಂದ್ರದವರು ಕಂಡುಕೊಂಡ ಉಪಾಯ ಸರಳವಾಗಿತ್ತು. ಬೆಳಗಿನಿಂದ ಕಡಲಹುಲ್ಲು ಇಂಗಾಲವನ್ನು ಹೀರಿಕೊಂಡ ಮೇಲೆ, ಮಧ್ಯಾಹ್ನದ ಹೊತ್ತಿನಲ್ಲಿ ನೀರೆತ್ತುವುದು. ಅದೂ ಸಾಲದಾದಾಗ ತೊಟ್ಟಿಯ ನೀರಿಗೆ ವಾಷಿಂಗ್ ಸೋಡಾ ಬೆರೆಸುವುದು. ಮರಿಗಳು ಉಳಿದವು. ಆದರೆ ಮೇಲೆದ್ದು ಬಂದ ಆ ನೀರು ಕೊನೆಯ ಬಾರಿ ಗಾಳಿಯ ಸಂಪರ್ಕದಲ್ಲಿದ್ದದ್ದು ಸುಮಾರು 30ರಿಂದ 50 ವರ್ಷಗಳ ಹಿಂದೆ. ಇಂದಿನ ಗಾಳಿಯಿಂದ ಹೆಚ್ಚು ಇಂಗಾಲ ಹೊತ್ತು ಆಳಕ್ಕಿಳಿಯುತ್ತಿರುವ ನೀರು ಅದೇ ದಂಡೆಗೆ ಬರಲು ಇನ್ನೂ ಅಷ್ಟೇ ವರ್ಷಗಳಿವೆ.

ಕಾಡಿನಂತಹ ಸಹಜ ಪರಿಸರದಲ್ಲಿ ಏನಾಗಬಹುದು ಎಂಬುದಕ್ಕೆ ಇಟಲಿಯ ಇಸ್ಕಿಯಾ ದ್ವೀಪದ ಬಳಿ ಪ್ರಕೃತಿಯೇ ಒಂದು ಪ್ರಯೋಗಾಲಯ ತೆರೆದಿಟ್ಟಿದೆ. ಅಲ್ಲಿ ಕೋಟೆಯೊಂದರ ಬುಡದಲ್ಲಿ, ಕಡಲಡಿಯ ಬಿರುಕುಗಳಿಂದ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಸದಾ ಏಳುತ್ತಿರುತ್ತವೆ. ಗುಳ್ಳೆಗಳಿಂದ ದೂರದಲ್ಲಿ ಸಾಮಾನ್ಯ ಕಡಲು. ಹತ್ತಿರ ಬಂದಂತೆ ಸುಣ್ಣದ ಪಾಚಿ ಮಾಯ, ಬಸವನಹುಳುಗಳ ಚಿಪ್ಪು ಸವೆದು ತೆಳ್ಳಗೆ. ಕಡಲಹುಲ್ಲು ಮಾತ್ರ ಹುಲುಸು. 2008ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿದ್ದು ಕಡಲು ಬರಿದಾಗುತ್ತದೆ ಎಂದಲ್ಲ. ಜಾತಿಗಳು ಕಡಿಮೆಯಾಗುತ್ತವೆ, ಹುಲ್ಲು-ಪಾಚಿಗಳ ಮೇಲುಗೈಯಾಗುತ್ತದೆ, ಚಿಪ್ಪಿನವು ಹಿಂದೆ ಸರಿಯುತ್ತವೆ ಎಂದು.

ಈ ಕ್ಷೇತ್ರದ ಎಲ್ಲ ವಾದಗಳೂ ಪರೀಕ್ಷೆಯಲ್ಲಿ ಗೆದ್ದಿಲ್ಲ ಎಂಬುದನ್ನೂ ಹೇಳಬೇಕು. ಆಮ್ಲೀಯ ನೀರಿನಲ್ಲಿ ಹವಳದ ಮೀನುಗಳು ವಾಸನೆ ಹಿಡಿಯುವ ಶಕ್ತಿ ಕಳೆದುಕೊಂಡು ಶತ್ರುವಿನತ್ತಲೇ ಈಜುತ್ತವೆ ಎಂಬ ಸಂಶೋಧನೆಗಳು ಒಂದು ದಶಕ ಕಾಲ ಬಹಳ ಸದ್ದು ಮಾಡಿದ್ದವು. 2020ರಲ್ಲಿ ಬೇರೊಂದು ತಂಡ ಅದೇ ಪ್ರಯೋಗಗಳನ್ನು ದೊಡ್ಡ ಪ್ರಮಾಣದಲ್ಲಿ ಮತ್ತೆ ಮಾಡಿದಾಗ ಅಂತಹ ಪರಿಣಾಮ ಕಾಣಲಿಲ್ಲ. ಚಿಪ್ಪು, ಹವಳಗಳ ವಿಷಯದಲ್ಲಿ ಪುರಾವೆ ಗಟ್ಟಿಯಾಗಿರುವಾಗ ಮೀನಿನ ಮೂಗಿನ ಕಥೆಗೆ ಜೋತುಬೀಳುವ ಅಗತ್ಯವೂ ಇಲ್ಲ.

ನಮ್ಮ ಅರಬ್ಬಿ ಸಮುದ್ರದ ಪಾತ್ರ ಇಲ್ಲಿ ವಿಚಿತ್ರವಾದದ್ದು. ಮುಂಗಾರಿನ ತಿಂಗಳುಗಳಲ್ಲಿ ಕೇರಳ-ಕರ್ನಾಟಕದ ದಂಡೆಯುದ್ದಕ್ಕೂ ಮೇಲ್ಮೈ ನೀರು ದಂಡೆಯಿಂದ ದೂರ ಸರಿದು ಆ ಜಾಗಕ್ಕೆ ಆಳದ ನೀರು ಏರಿ ಬರುತ್ತದೆ. ಗೊಬ್ಬರದಂತಹ ಪೋಷಕಾಂಶಗಳನ್ನು ಹೊತ್ತು ತರುವ ಆ ನೀರಿನಿಂದಲೇ ಪ್ಲವಕ ಹುಲುಸಾಗುತ್ತದೆ, ಬೂತಾಯಿ, ಬಂಗುಡೆಗಳಿಗೆ ಮೇವಾಗುತ್ತದೆ. ಆದರೆ ಆಳದಲ್ಲಿ ಸತ್ತ ಜೀವಿಗಳು ಕೊಳೆತು ಆಮ್ಲಜನಕ ಖಾಲಿಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡ ನೀರೂ ಅದೇ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಜೀಹ್ ನಕ್ವಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ, ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ಭಾರತದ ಪಶ್ಚಿಮ ದಂಡೆಯ ತಗ್ಗು ಕಡಲಿನಲ್ಲಿ ಮಳೆ-ಹೊಳೆಗಳ ತೆಳುವಾದ ಸಿಹಿನೀರಿನ ಪದರದ ಕೆಳಗೆ ಉಸಿರುಗಟ್ಟಿದ ನೀರು ಹೇಗೆ ಹರಡಿಕೊಳ್ಳುತ್ತದೆ ಎಂಬುದನ್ನು ತೋರಿಸಿತು. ಇಂಗಾಲವನ್ನು ಹೀರುವ ಬದಲು ಗಾಳಿಗೆ ಬಿಡುವ ಕಡಲುಗಳಲ್ಲಿ ಅರಬ್ಬಿ ಸಮುದ್ರವೂ ಒಂದು ಎಂಬುದಕ್ಕೆ ಮೇಲೇಳುವ ಈ ನೀರೇ ಮುಖ್ಯ ಕಾರಣ.

ಇದರರ್ಥ ನಮ್ಮ ಕರಾವಳಿಯ ಚಿಪ್ಪುಜೀವಿಗಳು ವರ್ಷಕ್ಕೊಮ್ಮೆ ಕಡಿಮೆ ಪಿಎಚ್ ನೀರನ್ನು ಸಹಿಸಿಯೇ ಬಂದಿವೆ. ಆದ್ದರಿಂದ ಅವು ಗಟ್ಟಿ, ಹೆದರಬೇಕಿಲ್ಲ ಎಂದು ವಾದಿಸಬಹುದು. ಅಂಚಿನಲ್ಲೇ ಬದುಕುತ್ತಿರುವವಕ್ಕೆ ಇನ್ನೊಂದು ಹೆಜ್ಜೆಯೂ ಭಾರವಾದೀತು ಎಂದೂ ವಾದಿಸಬಹುದು. ನೆಟಾರ್ಟ್ಸ್ ಕೊಲ್ಲಿಯ ಅನುಭವ ಎರಡನೆಯ ವಾದದ ಕಡೆಗಿದೆ, ನನ್ನ ಒಲವೂ ಅತ್ತಲೇ. ಕುಮಟಾ ಬಳಿ ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದುದ್ದದ ನೀರಿಗಿಳಿದು ಕಾಲಲ್ಲೇ ತಡವಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರಿಗೆ ಪಿಎಚ್ ಎಂಬ ಪದ ಬೇಕಿಲ್ಲ. ಯಾವ ವರ್ಷ ಚಿಪ್ಪು ದಪ್ಪ, ಯಾವ ವರ್ಷ ತೆಳು ಎಂಬುದು ಕೈಗೇ ತಿಳಿಯುತ್ತದೆ. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ಅಳಿವೆಯ ಬಳಚನ್ನು ಅತಿಯಾಗಿ ಬಾಚಿದ್ದು, ಚಿಪ್ಪಿನ ಗಣಿಗಾರಿಕೆ ನಡೆದದ್ದು ಆಮ್ಲೀಕರಣಕ್ಕಿಂತ ತಕ್ಷಣದ ಪೆಟ್ಟುಗಳು. ಹೊಲಗಳ ಗೊಬ್ಬರ, ಊರುಗಳ ಕೊಳಚೆ ಸೇರಿದಲ್ಲಿ ಪಾಚಿ ಬೆಳೆದು ಕೊಳೆತು ಅಲ್ಲಿನ ನೀರು ಮತ್ತಷ್ಟು ಆಮ್ಲೀಯವಾಗುತ್ತದೆ. ಜಾಗತಿಕ ಅನಿಲದ ಮೇಲೆ ಯಾವ ಪಂಚಾಯಿತಿಗೂ ಹಿಡಿತವಿಲ್ಲ, ಕೊಳಚೆಯ ಮೇಲೆ ಇದೆ.

ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಕಲ್ಲು, ಸಿಮೆಂಟು ತುಂಬಿದ ಹಡಗುಗಳು ಲಕ್ಷದ್ವೀಪಕ್ಕೆ ಹೋಗುತ್ತವೆ. ಅಲ್ಲಿನ ನೆಲವೇ ಹವಳದ್ದು. ಸಮುದ್ರಮಟ್ಟದಿಂದ ಒಂದೆರಡು ಮೀಟರ್ ಎತ್ತರದ ದ್ವೀಪಗಳನ್ನು ಅಲೆಗಳಿಂದ ಕಾಯುವುದು ಸುತ್ತಲಿನ ಹವಳದ ದಿಬ್ಬ. 1998, 2010, 2016 ಮತ್ತು 2024ರ ಕಡಲ ಬಿಸಿಗೆ ಆ ಹವಳಗಳು ಬಿಳುಚಿದವು. ಮೈಸೂರು ಮೂಲದ ನೇಚರ್ ಕನ್ಸರ್ವೇಷನ್ ಫೌಂಡೇಷನ್ ವಿಜ್ಞಾನಿಗಳ ದೀರ್ಘಕಾಲದ ಅಧ್ಯಯನದ ಪ್ರಕಾರ 1998ರ ಬಳಿಕ ಅಲ್ಲಿನ ಜೀವಂತ ಹವಳದ ಹಾಸು ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ಹವಳವನ್ನು ಕೊಂದದ್ದು ಬಿಸಿ, ಆಮ್ಲವಲ್ಲ. ಆದರೆ ದಿಬ್ಬ ಎಂಬುದು ಕಟ್ಟುವುದಕ್ಕೂ ಸವೆಯುವುದಕ್ಕೂ ನಡುವಿನ ಲೆಕ್ಕ: ಹವಳ ಸುಣ್ಣ ಪೇರಿಸುತ್ತದೆ, ಅಲೆಗಳೂ ಕೊರೆಯುವ ಜೀವಿಗಳೂ ಸವೆಸುತ್ತವೆ. ಬಿಸಿ ಕಟ್ಟುವವರನ್ನು ಕೊಲ್ಲುತ್ತದೆ, ಆಮ್ಲೀಯತೆ ಉಳಿದವರ ಕೆಲಸ ನಿಧಾನಗೊಳಿಸಿ ಸವೆತವನ್ನು ಸುಲಭಮಾಡುತ್ತದೆ, ಮೇಲಿಂದ ನೀರಿನ ಮಟ್ಟ ಏರುತ್ತಿರುತ್ತದೆ.

ಜರ್ಮನಿಯ ಪಾಟ್ಸ್‌ಡ್ಯಾಮ್ ಹವಾಗುಣ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ 2025ರಲ್ಲಿ ಬಂದ ವರದಿ, ಭೂಮಿಯ ಸುರಕ್ಷತೆಯ ಒಂಬತ್ತು ಗಡಿಗಳಲ್ಲಿ ಏಳನೆಯದಾಗಿ ಸಾಗರ ಆಮ್ಲೀಕರಣದ ಗಡಿಯೂ ಮೀರಿದೆ ಎಂದು ಘೋಷಿಸಿತು. ಗಡಿಯನ್ನು ಎಲ್ಲಿ ಎಳೆಯಬೇಕು ಎಂಬ ಬಗ್ಗೆ ವಾದಕ್ಕೆ ಅವಕಾಶವಿದೆ. ಇಳಿಕೆಯ ದಿಕ್ಕಿನ ಬಗ್ಗೆ ಇಲ್ಲ.

ಪರಿಹಾರದ ಮಾತಿಗೆ ಬಂದರೆ, ಹವಾಗುಣಕ್ಕೆ ಸೂಚಿಸಲಾಗುವ ಉಪಾಯಗಳಲ್ಲಿ ಹಲವು ಇಲ್ಲಿ ಕೆಲಸಕ್ಕೆ ಬಾರವು. ಆಕಾಶದಲ್ಲಿ ಕಣಗಳನ್ನು ಚೆಲ್ಲಿ ಬಿಸಿಲು ತಗ್ಗಿಸಿದರೆ ಭೂಮಿ ತಂಪಾಗಬಹುದು, ಗಾಳಿಯ ಇಂಗಾಲ ಅಲ್ಲೇ ಇರುವುದರಿಂದ ಕಡಲು ಅದನ್ನು ಹೀರುತ್ತಲೇ ಇರುತ್ತದೆ. ಕಬ್ಬಿಣ ಸುರಿದು ಪ್ಲವಕ ಬೆಳೆಸಿ ಇಂಗಾಲವನ್ನು ಮುಳುಗಿಸುವ ಯೋಚನೆಯನ್ನು 2009ರಲ್ಲಿ ಭಾರತ ಮತ್ತು ಜರ್ಮನಿಯ ವಿಜ್ಞಾನಿಗಳು ಲೋಹಾಫೆಕ್ಸ್ ಎಂಬ ಪ್ರಯೋಗದಲ್ಲಿ ಪರೀಕ್ಷಿಸಿದರು. ಹೆಸರಿನ ಮೊದಲರ್ಧ ನಮ್ಮ ಲೋಹವೇ. ದಕ್ಷಿಣ ಅಟ್ಲಾಂಟಿಕ್‌ನ 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣ ಬೆರೆಸಿದಾಗ ಪ್ಲವಕ ಬೆಳೆದದ್ದು ನಿಜ, ಆದರೆ ಸಿಲಿಕಾ ಕೊರತೆಯಿಂದ ಗಟ್ಟಿ ಕವಚದ ಡಯಾಟಮ್‌ಗಳು ಬೆಳೆಯಲಿಲ್ಲ. ಬೆಳೆದ ಮೆತ್ತನೆಯ ಪಾಚಿಯನ್ನು ಸಣ್ಣ ಪ್ರಾಣಿಗಳು ಮೇಯ್ದು ಮುಗಿಸಿದವು, ಆಳಕ್ಕಿಳಿದ ಇಂಗಾಲ ಅತ್ಯಲ್ಪ. ಇನ್ನು ನೆಟಾರ್ಟ್ಸ್ ಕೊಲ್ಲಿಯ ತೊಟ್ಟಿಗಳಿಗೆ ಸೋಡಾ ಬೆರೆಸಿದಂತೆ ಇಡೀ ಕಡಲಿಗೇ ಸುಣ್ಣ ಬೆರೆಸುವ ಪ್ರಸ್ತಾಪವಿದೆ. ರಾಸಾಯನಿಕವಾಗಿ ಇದು ಸರಿಯೇ. ಆದರೆ 1 ಟನ್ ಶುದ್ಧ ಸುಣ್ಣದಕಲ್ಲನ್ನು ಸುಟ್ಟರೆ 560 ಕಿಲೋ ಸುಣ್ಣದ ಜೊತೆ 440 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಭಟ್ಟಿಯ ಇಂಧನದ ಹೊಗೆ ಬೇರೆ. ಅದನ್ನೆಲ್ಲ ಹಿಡಿದಿಡದಿದ್ದರೆ ಲಾಭದ ಬಹುಪಾಲು ಅಲ್ಲೇ ಕರಗುತ್ತದೆ. ಗಾಳಿಗೆ ಬಿಡುವ ಇಂಗಾಲವನ್ನು ಕಡಿಮೆಮಾಡುವುದನ್ನು ಬಿಟ್ಟು ಈ ಪ್ರಮಾಣದಲ್ಲಿ ಕೆಲಸಮಾಡಬಲ್ಲ ದಾರಿ ಸದ್ಯಕ್ಕೆ ಬೇರೆ ಇಲ್ಲ.

ಪ್ರಕೃತಿಗೆ ತನ್ನದೇ ದುರಸ್ತಿಯ ದಾರಿ ಇದೆ, ಅದರ ದಾಖಲೆಯೂ ಇದೆ. ದಕ್ಷಿಣ ಅಟ್ಲಾಂಟಿಕ್‌ನ ವಾಲ್ವಿಸ್ ದಿಬ್ಬದ ತಳವನ್ನು 2003ರಲ್ಲಿ ಕೊರೆದು ತೆಗೆದ ಮಣ್ಣಿನ ಕೊಳವೆಗಳಲ್ಲಿ ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋದರೆ ತಿಳಿಬಣ್ಣದ ಸುಣ್ಣದ ಕೆಸರು ಇದ್ದಕ್ಕಿದ್ದಂತೆ ಕಂದುಗೆಂಪು ಜೇಡಿಗೆ ತಿರುಗುತ್ತದೆ. ಅದು 5.6 ಕೋಟಿ ವರ್ಷಗಳ ಹಿಂದಿನ ಗೆರೆ. ಆಗ ಅಪಾರ ಪ್ರಮಾಣದ ಇಂಗಾಲ ಗಾಳಿಗೂ ಕಡಲಿಗೂ ಸೇರಿ, ಸುಣ್ಣ ಉಳಿಯಬಲ್ಲ ಆಳದ ಮಿತಿ 10,000 ವರ್ಷಗಳೊಳಗೆ 2 ಕಿಲೋಮೀಟರಿಗೂ ಹೆಚ್ಚು ಮೇಲೇರಿ, ತಳಕ್ಕುದುರಿದ ಚಿಪ್ಪುಗಳೆಲ್ಲ ಕರಗಿ ಬರಿಯ ಜೇಡಿ ಉಳಿಯಿತು. ಆಳಗಡಲ ತಳದ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಜಾತಿಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಅಳಿದವು. ಕೊಳವೆಯಲ್ಲಿ ಕೆಂಪು ಪಟ್ಟೆಯ ಮೇಲೆ ಬಣ್ಣ ಮತ್ತೆ ನಿಧಾನವಾಗಿ ತಿಳಿಯಾಗುತ್ತ ಹೋಗುತ್ತದೆ, ಕಡೆಗೆ ಮೊದಲಿನಂತೆ ಬೆಳ್ಳಗಾಗುತ್ತದೆ. ಬಂಡೆಗಳು ಸವೆದು, ನದಿಗಳು ಸುಣ್ಣವನ್ನು ತಂದು ಸುರಿದು, ಕೆಂಪಿನಿಂದ ಬಿಳಿಗೆ ತಲುಪಲು ಹಿಡಿದದ್ದು 1 ಲಕ್ಷ ವರ್ಷಕ್ಕೂ ಹೆಚ್ಚು.